ಕಟ್ಟುವುದು, ಸಾಗಿಸುವುದು, ಒಡೆಯುವುದು: ಜೀವಕೋಶ ಬದುಕುವ ಬಗೆ

ಮನುಷ್ಯನ ದೇಹದ ಬಹುಪಾಲು ಜೀವಕೋಶಗಳ ಅಡ್ಡಳತೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಮಾತ್ರ. ಆದರೆ ಬೆನ್ನುಹುರಿಯ ಕೆಳಭಾಗದಿಂದ ಪಾದದ ಸ್ನಾಯುವಿನವರೆಗೆ ಚಾಚುವ ನರಕೋಶದ ಉದ್ದ ಸುಮಾರು ಒಂದು ಮೀಟರ್. ಅದರ ಒಡಲು ಬೆನ್ನುಹುರಿಯಲ್ಲಿದೆ. ಅಲ್ಲಿಂದ ಹೊರಡುವ ಆಕ್ಸಾನ್ ಎಂಬ ತೆಳ್ಳನೆಯ ತಂತು ಸೊಂಟ, ತೊಡೆ, ಮೊಣಕಾಲು ದಾಟಿ ಪಾದವನ್ನು ಮುಟ್ಟುತ್ತದೆ. ಹುಟ್ಟಿದಾಗ ಇದ್ದ ಅದೇ ಕೋಶ ಕೊನೆಯವರೆಗೂ ಬಾಳಬೇಕು. ಅದು ಸತ್ತರೆ ಆ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಇಷ್ಟು ಉದ್ದದ, ಇಷ್ಟು ಸಪೂರವಾದ ಕೋಶ ಎಂಬತ್ತು ವರ್ಷ ಕುಸಿಯದೆ ನಿಲ್ಲಬೇಕಾದರೆ ಮೂರು ಕೆಲಸಗಳು ಬಿಡುವಿಲ್ಲದೆ ನಡೆಯಬೇಕು: ಆಕಾರವನ್ನು ಹಿಡಿದಿಡುವುದು, ಬೇಕಾದುದನ್ನು ಬೇಕಾದಲ್ಲಿಗೆ ಸಾಗಿಸುವುದು, ಕೆಟ್ಟದ್ದನ್ನು ಒಡೆದು ತೆಗೆಯುವುದು.

ಮೇಲ್ನೋಟಕ್ಕೆ ಇವು ಬೇರೆ ಬೇರೆ ಕೆಲಸಗಳು. ಪಠ್ಯಪುಸ್ತಕಗಳಲ್ಲಿ ಇವಕ್ಕೆ ಬೇರೆ ಬೇರೆ ಅಧ್ಯಾಯಗಳೂ ಇವೆ. ಜೀವಕೋಶದ ಒಳಗೆ ಮಾತ್ರ ಒಂದನ್ನು ಬಿಟ್ಟು ಇನ್ನೊಂದಿಲ್ಲ. ಸಾಗಣೆ ನಡೆಯುವುದು ಹಂದರದ ಮೇಲೆಯೇ. ಕಸ ಒಡೆಯುವ ಜಾಗಕ್ಕೆ ಕಸ ತಲುಪುವುದು ಸಾಗಣೆಯಿಂದ. ಹೊಸ ಹಂದರ ಕಟ್ಟಲು ಬೇಕಾದ ಸಾಮಗ್ರಿಯಲ್ಲಿ ದೊಡ್ಡ ಪಾಲು ಸಿಗುವುದು ಒಡೆದ ಹಳೆಯದರಿಂದ.

ಜೀವಿಯ ದೇಹ ಒಳಗೊಳಗೇ ಸದಾ ಬದಲಾಗುತ್ತಿರುತ್ತದೆ ಎಂಬ ಅರಿವು ಬಂದದ್ದು 1930ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಬೆಳೆದ ದೇಹವೆಂದರೆ ಒಮ್ಮೆ ಕಟ್ಟಿ ಮುಗಿಸಿದ ಯಂತ್ರ, ಆಹಾರವೆಂದರೆ ಅದಕ್ಕೆ ಹಾಕುವ ಇಂಧನ ಎಂದು ಹೆಚ್ಚಿನವರು ಭಾವಿಸಿದ್ದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರುಡಾಲ್ಫ್ ಶೋಯೆನ್‌ಹೈಮರ್ ಗುರುತು ಹಚ್ಚಿದ ನೈಟ್ರೋಜನ್ ಇರುವ ಅಮೈನೋ ಆಮ್ಲಗಳನ್ನು ಇಲಿಗಳಿಗೆ ತಿನ್ನಿಸಿ ನೋಡಿದರು. ಬೆಳವಣಿಗೆ ಮುಗಿದ ಇಲಿಗಳಾದ್ದರಿಂದ ಆ ನೈಟ್ರೋಜನ್ ಮೂತ್ರದಲ್ಲಿ ಹೊರಬೀಳಬೇಕಿತ್ತು. ಅದರ ದೊಡ್ಡ ಪಾಲು ಅಂಗಾಂಗಗಳ ಪ್ರೋಟೀನಿನಲ್ಲಿ ಸೇರಿಕೊಂಡಿತ್ತು. ಆದರೂ ಇಲಿಗಳ ತೂಕ ಹೆಚ್ಚಿರಲಿಲ್ಲ. ಎಂದರೆ, ಹೊಸ ಪ್ರೋಟೀನ್ ಸೇರಿದಷ್ಟೇ ಹಳೆಯದು ಒಡೆದು ಹೋಗುತ್ತಿತ್ತು. ದೇಹ ಇದ್ದಂತೆಯೇ ಇರುವುದು ಈ ಕೊಡುಕೊಳ್ಳುವಿಕೆಯಿಂದಲೇ ಎಂಬುದು ಆ ಪ್ರಯೋಗದ ತಿರುಳು.

ಪೊರೆ ಮತ್ತು ಹಂದರ

ಪ್ರತಿ ಜೀವಕೋಶವನ್ನೂ ಒಂದು ಪೊರೆ ಸುತ್ತುವರಿದಿದೆ. ಅದರ ದಪ್ಪ 5ರಿಂದ 10 ನ್ಯಾನೋಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಸಿಗುವ ಒಂದು ಭಾಗವೇ ನ್ಯಾನೋಮೀಟರ್. ಪೊರೆಯ ರಚನೆಯ ಸುಳಿವು ಸಿಕ್ಕಿದ್ದು 1925ರಲ್ಲಿ. ನೆದರ್ಲೆಂಡ್ಸಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ಕೊಬ್ಬಿನಂಶವನ್ನು ಬೇರ್ಪಡಿಸಿ ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಆವರಿಸಿದ ಜಾಗ ಆ ಕಣಗಳ ಮೇಲ್ಮೈಯ ಸುಮಾರು ಎರಡು ಪಟ್ಟಿತ್ತು. ಹಾಗಾಗಿ ಪೊರೆಯಲ್ಲಿ ಕೊಬ್ಬಿನ ಅಣುಗಳ ಎರಡು ಪದರಗಳಿರಬೇಕು ಎಂದು ಅವರು ತರ್ಕಿಸಿದರು. ನೀರನ್ನು ಬಯಸುವ ತಲೆಗಳು ಎರಡೂ ಬದಿಗೆ, ನೀರನ್ನು ದೂರವಿಡುವ ಬಾಲಗಳು ನಡುವೆ. ಈ ಇಮ್ಮಡಿ ಪದರ ಗಟ್ಟಿ ಗೋಡೆಯಲ್ಲ, ದ್ರವದಂತೆ ಸರಿದಾಡುವ ಹಾಸು, ಪ್ರೋಟೀನುಗಳು ಅದರಲ್ಲಿ ತೇಲುತ್ತವೆ ಎಂಬ ಚಿತ್ರವನ್ನು ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಕೊಟ್ಟರು.

ದ್ರವದಂಥ ಪೊರೆಗೆ ತನ್ನದೇ ಆದ ಆಕಾರವಿರುವುದಿಲ್ಲ. ಆಕಾರ ಕೊಡುವುದು ಕೋಶದೊಳಗಿನ ಪ್ರೋಟೀನ್ ಎಳೆಗಳ ಹಂದರ. ಇದನ್ನು ಸೈಟೋಸ್ಕೆಲಿಟನ್ ಎನ್ನುತ್ತಾರೆ. ಇದರಲ್ಲಿ ಮೂರು ಬಗೆಯ ಎಳೆಗಳಿವೆ. ಅತ್ಯಂತ ಸಪೂರವಾದ ಆಕ್ಟಿನ್ ಎಳೆಗಳ ದಪ್ಪ ಸುಮಾರು 7 ನ್ಯಾನೋಮೀಟರ್. ಇವು ಹೆಚ್ಚಾಗಿ ಪೊರೆಯ ಕೆಳಗೆ ಹೆಣೆದುಕೊಂಡು ಕೋಶ ಬಾಗಲು, ತೆವಳಲು ನೆರವಾಗುತ್ತವೆ. ಸುಮಾರು 10 ನ್ಯಾನೋಮೀಟರ್ ದಪ್ಪದ ಮಧ್ಯಮ ಎಳೆಗಳು ಎಳೆತವನ್ನು ತಾಳಿಕೊಳ್ಳುತ್ತವೆ. ಚರ್ಮದಲ್ಲಿರುವ ಕೆರಾಟಿನ್ ಈ ಗುಂಪಿನದು. ಮೂರನೆಯದು ಟ್ಯೂಬುಲಿನ್ ಪ್ರೋಟೀನಿನಿಂದಾದ, 25 ನ್ಯಾನೋಮೀಟರ್ ಅಡ್ಡಳತೆಯ ಟೊಳ್ಳಾದ ಸೂಕ್ಷ್ಮನಾಳ. ಆಕ್ಸಾನಿನ ಉದ್ದಕ್ಕೂ ಸೂಕ್ಷ್ಮನಾಳಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ಇರುತ್ತವೆ.

ಈ ಎಳೆಗಳಲ್ಲಿ ಒಂದು ಸಡಿಲವಾದರೂ ಪರಿಣಾಮ ಕಣ್ಣಿಗೆ ಕಾಣುತ್ತದೆ. ಕೆರಾಟಿನ್ ಜೀನಿನಲ್ಲಿ ದೋಷವಿರುವ ಮಕ್ಕಳಿಗೆ ಚರ್ಮ ತುಸು ಉಜ್ಜಿದರೂ ಗುಳ್ಳೆ ಏಳುತ್ತದೆ. ಕೆಂಪು ರಕ್ತಕಣದ ಪೊರೆಯನ್ನು ಒಳಗಿನಿಂದ ಹಿಡಿದಿರುವ ಸ್ಪೆಕ್ಟ್ರಿನ್ ಜಾಲ ದುರ್ಬಲವಾದರೆ ತಟ್ಟೆಯಾಕಾರದ ಕಣ ಗೋಲಿಯಾಕಾರಕ್ಕೆ ತಿರುಗುತ್ತದೆ, ಗುಲ್ಮದ ಕಿರಿದಾದ ದಾರಿಗಳಲ್ಲಿ ಸಿಕ್ಕಿ ಒಡೆಯುತ್ತದೆ, ರಕ್ತಹೀನತೆ ಬರುತ್ತದೆ. ಸ್ನಾಯುಕೋಶದ ಹಂದರವನ್ನು ಪೊರೆಗೆ ಬಿಗಿಯುವ ಡಿಸ್ಟ್ರೋಫಿನ್ ಇಲ್ಲದಿದ್ದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷಯಿಸುತ್ತ ಹೋಗುತ್ತವೆ.

ಹೀಗೆ ಆಧಾರವಾಗಿರುವ ಹಂದರವೂ ಒಂದೇ ಸಮನೆ ನಿಲ್ಲುವುದಿಲ್ಲ. ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಷ್ನರ್ 1984ರಲ್ಲಿ ತೋರಿಸಿದಂತೆ, ಸೂಕ್ಷ್ಮನಾಳದ ತುದಿ ನಿಧಾನವಾಗಿ ಬೆಳೆಯುತ್ತಲೇ ಇದ್ದು ಇದ್ದಕ್ಕಿದ್ದಂತೆ ಬಿಚ್ಚಿಕೊಳ್ಳತೊಡಗುತ್ತದೆ, ಮತ್ತೆ ಬೆಳೆಯತೊಡಗುತ್ತದೆ. ಕೋಶ ವಿಭಜನೆಯ ಹೊತ್ತಿನಲ್ಲಿ ಈ ಗುಣ ಜೀವಾಳ. ಹಳೆಯ ಹಂದರ ಬಿಚ್ಚಿ, ಅದೇ ಟ್ಯೂಬುಲಿನ್ ತುಣುಕುಗಳಿಂದ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಕದಿರು ಸಿದ್ಧವಾಗುತ್ತದೆ.

ಕರ್ನಾಟಕದ ಮನೆಯಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಲ್ಲಿ ಈ ಕಟ್ಟುವಿಕೆಯನ್ನೇ ತಡೆಯುವ ವಸ್ತುಗಳಿವೆ. ಮಡಗಾಸ್ಕರ್ ಮೂಲದ ಈ ಗಿಡದಿಂದ ಬೇರ್ಪಡಿಸಿದ ವಿನ್‌ಕ್ರಿಸ್ಟಿನ್ ಮತ್ತು ವಿನ್‌ಬ್ಲಾಸ್ಟಿನ್ ಟ್ಯೂಬುಲಿನ್‌ಗೆ ಅಂಟಿಕೊಂಡು ಸೂಕ್ಷ್ಮನಾಳ ಕಟ್ಟದಂತೆ ಮಾಡುತ್ತವೆ. ಬಿಡದೆ ವಿಭಜಿಸುವ ಕ್ಯಾನ್ಸರ್ ಕೋಶಗಳು ಅಲ್ಲಿಗೇ ನಿಲ್ಲುತ್ತವೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯ ಔಷಧ. ಈ ಔಷಧ ಪಡೆಯುವ ಕೆಲವರಿಗೆ ಕೈಕಾಲಿನ ಬೆರಳುಗಳು ಜೋಮು ಹಿಡಿಯುತ್ತವೆ. ನರಕೋಶ ವಿಭಜಿಸದಿದ್ದರೂ ಅದರ ಸಾಗಣೆಯ ಹಾದಿ ಸೂಕ್ಷ್ಮನಾಳವೇ ಆಗಿರುವುದು ಇದಕ್ಕೆ ಕಾರಣ. ಅತಿ ಉದ್ದದ ನರಗಳ ತುದಿಗೆ ಪೆಟ್ಟು ಮೊದಲು ಬೀಳುತ್ತದೆ.

ಪೊರೆಯನ್ನು ದಾಟುವ ದಾರಿಗಳು

ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ನಂಥ ಸಣ್ಣ ಅಣುಗಳು ಕೊಬ್ಬಿನ ಪದರವನ್ನು ತಾವಾಗಿಯೇ ದಾಟುತ್ತವೆ. ಲವಣ, ಸಕ್ಕರೆ, ಅಮೈನೋ ಆಮ್ಲಗಳಿಗೆ ಅದು ಸಾಧ್ಯವಿಲ್ಲ. ಅವುಗಳಿಗೆ ಪೊರೆಯಲ್ಲಿ ಪ್ರತ್ಯೇಕ ಪ್ರೋಟೀನ್ ದ್ವಾರಗಳಿವೆ. ನೀರು ಕೂಡ ವೇಗವಾಗಿ ಹರಿಯಬೇಕಾದ ಕಡೆ ಅಕ್ವಾಪೊರಿನ್ ಎಂಬ ದ್ವಾರವನ್ನು ಬಳಸುತ್ತದೆ. ಇದನ್ನು ಗುರುತಿಸಿದ ಪೀಟರ್ ಆಗ್ರೆ 2003ರ ನೊಬೆಲ್ ಪುರಸ್ಕಾರ ಹಂಚಿಕೊಂಡರು.

ಕೆಲವು ವಸ್ತುಗಳನ್ನು ಕಡಿಮೆ ಇರುವಲ್ಲಿಂದ ಹೆಚ್ಚು ಇರುವಲ್ಲಿಗೆ, ಎಂದರೆ ಹರಿವಿಗೆ ಎದುರಾಗಿ ತಳ್ಳಬೇಕಾಗುತ್ತದೆ. ಅದಕ್ಕೆ ಶಕ್ತಿ ಬೇಕು. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಕಂಡುಹಿಡಿದ ಸೋಡಿಯಂ-ಪೊಟ್ಯಾಸಿಯಂ ಪಂಪು ಇಂಥದ್ದು. ಕೋಶದ ಶಕ್ತಿನಾಣ್ಯವಾದ ಎಟಿಪಿಯ ಒಂದು ಅಣುವನ್ನು ಖರ್ಚು ಮಾಡಿ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ತಳ್ಳುತ್ತದೆ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಹೀಗಾಗಿ ಸೋಡಿಯಂ ಕೋಶದ ಒಳಗಿಗಿಂತ ಹೊರಗೆ ಹತ್ತು ಪಟ್ಟು ಹೆಚ್ಚಿರುತ್ತದೆ. ನರದ ಸಂಕೇತ ಹರಿಯುವುದು ಈ ಅಂತರದಿಂದ. ಕೋಶ ನೀರು ಕುಡಿದು ಉಬ್ಬಿ ಒಡೆಯದಿರುವುದೂ ಇದರಿಂದಲೇ. ಪಂಪು ನಿಂತರೆ ಆಕಾರವೂ ಉಳಿಯುವುದಿಲ್ಲ.

ಹೊರಗೆ ದಟ್ಟವಾಗಿರುವ ಸೋಡಿಯಂ ಒಳಗೆ ನುಗ್ಗಲು ಕಾತರಿಸುತ್ತದೆ. ಕರುಳಿನ ಕೋಶಗಳು ಆ ಒತ್ತಡವನ್ನೇ ಬಳಸಿಕೊಂಡು, ಸೋಡಿಯಂ ಜೊತೆಯಲ್ಲೇ ಗ್ಲೂಕೋಸನ್ನೂ ಒಳಗೆ ಸೆಳೆಯುತ್ತವೆ. ಅವೆರಡರ ಹಿಂದೆ ನೀರು ಬರುತ್ತದೆ. ಈ ಜೋಡಿ ಸಾಗಣೆಯ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟರು. ಕಾಲರಾ ಬಂದಾಗ ಬರಿಯ ನೀರು ಕುಡಿಸಿದರೆ ಕರುಳು ಅದನ್ನು ಹಿಡಿದಿಟ್ಟುಕೊಳ್ಳದು. ಉಪ್ಪು ಮತ್ತು ಸಕ್ಕರೆಯನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿ ಕೊಟ್ಟರೆ ಹೀರಿಕೊಳ್ಳುತ್ತದೆ. 1971ರ ಬಾಂಗ್ಲಾ ವಿಮೋಚನಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂತು. ಆಗ ವೈದ್ಯ ದಿಲೀಪ್ ಮಹಲನೊಬಿಸ್ ಈ ಮಿಶ್ರಣವನ್ನು ಬಾಯಿಯ ಮೂಲಕವೇ ಕೊಡಿಸಿದರು. ಅವರ ಆರೈಕೆಯಲ್ಲಿದ್ದವರಲ್ಲಿ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಇಂದು ಪ್ರತಿ ಔಷಧದಂಗಡಿಯಲ್ಲೂ ಸಿಗುವ ಒಆರ್‌ಎಸ್ ಪೊಟ್ಟಣದ ಹಿಂದೆ ಪೊರೆಯ ಈ ಒಂದು ದ್ವಾರ ಇದೆ.

ಕೋಶದೊಳಗಿನ ಸಾಗಣೆ

ಸಾಮಾನ್ಯ ಗಾತ್ರದ ಕೋಶದಲ್ಲಿ ಒಂದು ಪ್ರೋಟೀನ್ ಅಣು ತಾನಾಗಿ ತೇಲಿಕೊಂಡು ಈ ಬದಿಯಿಂದ ಆ ಬದಿಗೆ ಕೆಲವೇ ಸೆಕೆಂಡುಗಳಲ್ಲಿ ತಲುಪಬಹುದು. ದೂರ ಹೆಚ್ಚಿದಂತೆ ಬೇಕಾಗುವ ಸಮಯ ಆ ದೂರದ ವರ್ಗದಷ್ಟು ಹೆಚ್ಚುತ್ತದೆ. ಒಂದು ಮೀಟರ್ ಉದ್ದದ ಆಕ್ಸಾನನ್ನು ಅದೇ ಅಣು ತೇಲಿಕೊಂಡೇ ದಾಟಬೇಕಾದರೆ ಸಾವಿರಕ್ಕೂ ಹೆಚ್ಚು ವರ್ಷ ಬೇಕು. ನರಕೋಶದ ಪ್ರೋಟೀನುಗಳು ಬಹುಪಾಲು ತಯಾರಾಗುವುದು ಒಡಲಿನಲ್ಲಿ, ಬೇಕಾಗಿರುವುದು ತುದಿಯಲ್ಲಿ. ಆದ್ದರಿಂದ ಹೊತ್ತು ಸಾಗಿಸುವ ವ್ಯವಸ್ಥೆ ಇರಲೇಬೇಕು.

ಸಾಗಣೆ ಆರಂಭವಾಗುವುದು ತಯಾರಿಕೆಯ ಜಾಗದಿಂದ. ಹೊರಗೆ ಹೋಗಬೇಕಾದ ಅಥವಾ ಪೊರೆಯಲ್ಲಿ ಕೂರಬೇಕಾದ ಪ್ರೋಟೀನುಗಳು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದಲ್ಲಿ ರೂಪು ಪಡೆಯುತ್ತವೆ. ಅಲ್ಲಿಂದ ಪೊರೆಯ ಪುಟ್ಟ ಚೀಲಗಳಲ್ಲಿ ಗಾಲ್ಗಿ ಸಂಕೀರ್ಣಕ್ಕೆ ಹೋಗುತ್ತವೆ. ಕ್ಯಾಮಿಲೋ ಗಾಲ್ಗಿ 1898ರಲ್ಲಿ ಕಂಡ ಈ ಪೊರೆಗಳ ಅಟ್ಟಿಯಲ್ಲಿ ಅವುಗಳಿಗೆ ಸಕ್ಕರೆಯ ಗುರುತುಗಳು ಸೇರಿ, ವಿಂಗಡಣೆಯಾಗಿ, ಮತ್ತೆ ಚೀಲಗಳಲ್ಲಿ ತಮ್ಮ ತಮ್ಮ ಜಾಗಕ್ಕೆ ಹೊರಡುತ್ತವೆ. ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ಈ ಹಾದಿಯನ್ನು ಹಂತಹಂತವಾಗಿ ಗುರುತಿಸಿದವರು ಜಾರ್ಜ್ ಪಲಾಡೆ. ಅವರಿಗೆ 1974ರಲ್ಲಿ ನೊಬೆಲ್ ಬಂತು.

ಚೀಲ ತನ್ನ ಜಾಗವನ್ನು ಹೇಗೆ ಗುರುತಿಸುತ್ತದೆ? ರ‍್ಯಾಂಡಿ ಶೆಕ್‌ಮನ್ ಯೀಸ್ಟ್ ಕೋಶಗಳಲ್ಲಿ ಸಾಗಣೆ ಕೆಟ್ಟ ತಳಿಗಳನ್ನು ಆರಿಸಿ ಇದಕ್ಕೆ ಬೇಕಾದ ಜೀನುಗಳನ್ನು ಪಟ್ಟಿ ಮಾಡಿದರು. ಜೇಮ್ಸ್ ರಾಥ್‌ಮನ್ ಚೀಲದ ಮೇಲಿನ ಪ್ರೋಟೀನುಗಳೂ ಗುರಿಯ ಪೊರೆಯ ಪ್ರೋಟೀನುಗಳೂ ಜೋಡಿಯಾಗಿ ಹೆಣೆದುಕೊಂಡಾಗ ಮಾತ್ರ ಎರಡು ಪೊರೆಗಳು ಬೆಸೆಯುತ್ತವೆ ಎಂದು ತೋರಿಸಿದರು. ನರದ ತುದಿಯಲ್ಲಿ ಕ್ಯಾಲ್ಸಿಯಂ ಬಂದ ಕ್ಷಣವೇ ಈ ಬೆಸುಗೆ ಆಗುವ ಬಗೆಯನ್ನು ಥಾಮಸ್ ಸುಡಾಫ್ ವಿವರಿಸಿದರು. ಈ ಮೂವರೂ 2013ರ ನೊಬೆಲ್ ಹಂಚಿಕೊಂಡರು.

ಚೀಲವನ್ನು ಎಳೆದೊಯ್ಯುವ ಪ್ರೋಟೀನ್ ಪತ್ತೆಯಾದದ್ದು 1985ರಲ್ಲಿ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪನೆಯ ಆಕ್ಸಾನಿನಿಂದ ರಾನ್ ವೇಲ್, ಮೈಕೆಲ್ ಶೀಟ್ಸ್ ಮತ್ತು ಥಾಮಸ್ ರೀಸ್ ಕೈನೆಸಿನ್ ಅನ್ನು ಬೇರ್ಪಡಿಸಿದರು. ಎರಡು ಕಾಲುಗಳಂಥ ಭಾಗಗಳಿರುವ ಈ ಅಣು, ಮೂಟೆ ಹೊತ್ತು ಹಗ್ಗದ ಮೇಲೆ ನಡೆಯುವ ದೊಂಬರಾಟದವನಂತೆ, ಒಂದು ಕಾಲು ಊರಿ ಇನ್ನೊಂದನ್ನು ಎತ್ತಿಡುತ್ತ ಸೂಕ್ಷ್ಮನಾಳದ ಮೇಲೆ ಸಾಗುತ್ತದೆ. ಒಂದು ಹೆಜ್ಜೆ 8 ನ್ಯಾನೋಮೀಟರ್. ಪ್ರತಿ ಹೆಜ್ಜೆಗೆ ಒಂದು ಎಟಿಪಿ. ಕೈನೆಸಿನ್‌ಗಳು ಬಹುಪಾಲು ಒಡಲಿನಿಂದ ತುದಿಯ ಕಡೆಗೆ ಹೋಗುತ್ತವೆ. ಡೈನೀನ್ ಎಂಬ ಇನ್ನೊಂದು ಮೋಟಾರ್ ಪ್ರೋಟೀನ್ ತುದಿಯಿಂದ ಒಡಲಿಗೆ ಮರಳಿ ತರುತ್ತದೆ. ವೇಗದ ಸಾಗಣೆ ದಿನಕ್ಕೆ 200ರಿಂದ 400 ಮಿಲಿಮೀಟರ್ ಕ್ರಮಿಸುತ್ತದೆ. ಬೆನ್ನುಹುರಿಯಿಂದ ಹೊರಟ ಚೀಲ ಪಾದ ಸೇರಲು ಮೂರರಿಂದ ಐದು ದಿನ ಸಾಕು. ಹಂದರದ ಪ್ರೋಟೀನುಗಳು ಮಾತ್ರ ದಿನಕ್ಕೆ ಕೆಲವೇ ಮಿಲಿಮೀಟರ್, ಕೆಲವೊಮ್ಮೆ ಅದಕ್ಕೂ ನಿಧಾನವಾಗಿ ಸಾಗುತ್ತವೆ.

ಮರಳುವ ಹಾದಿಯನ್ನು ರೋಗಾಣುಗಳೂ ಬಳಸುತ್ತವೆ. ಹುಚ್ಚುನಾಯಿ ಕಚ್ಚಿದಾಗ ಗಾಯದ ಹತ್ತಿರದ ನರದ ತುದಿಯನ್ನು ಹೊಕ್ಕ ರೇಬೀಸ್ ವೈರಸ್ ಡೈನೀನ್ ಸಾಗಣೆಯ ಮೂಲಕ ಬೆನ್ನುಹುರಿಯತ್ತ, ಅಲ್ಲಿಂದ ಮಿದುಳಿನತ್ತ ಏರುತ್ತದೆ. ಪಾದಕ್ಕೆ ಕಚ್ಚಿದ್ದಕ್ಕಿಂತ ಮುಖಕ್ಕೆ, ಕತ್ತಿಗೆ ಕಚ್ಚಿದಾಗ ರೋಗ ಸಾಮಾನ್ಯವಾಗಿ ಬೇಗ ಕಾಣಿಸಿಕೊಳ್ಳುವುದಕ್ಕೆ ಈ ದೂರವೇ ಕಾರಣ. ಗಾಯವನ್ನು ತಕ್ಷಣ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ತಡಮಾಡದೆ ಲಸಿಕೆ ಪಡೆದರೆ ವೈರಸ್ ಮಿದುಳು ಸೇರುವ ಮುನ್ನವೇ ತಡೆಯಬಹುದು.

ಕೋಶ ಹೊರಗಿನ ವಸ್ತುಗಳನ್ನು ಒಳಗೆ ತರುವುದೂ ಚೀಲಗಳಲ್ಲಿಯೇ. ರಕ್ತದಲ್ಲಿನ ಎಲ್‌ಡಿಎಲ್ ಕೊಲೆಸ್ಟರಾಲ್ ಕಣಗಳನ್ನು ಪೊರೆಯ ಗ್ರಾಹಕಗಳು ಹಿಡಿದುಕೊಳ್ಳುತ್ತವೆ. ಆ ಭಾಗದ ಪೊರೆ ಒಳಗೆ ಗುಳಿ ಬಿದ್ದು ಚೀಲವಾಗಿ ಕಳಚಿಕೊಳ್ಳುತ್ತದೆ. ಈ ಗ್ರಾಹಕಗಳು ಹುಟ್ಟಿನಿಂದಲೇ ದೋಷಪೂರಿತವಾಗಿದ್ದರೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಬಹುದು. ಇದನ್ನು ಬಿಡಿಸಿ ತೋರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 1985ರ ನೊಬೆಲ್ ಪಡೆದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಒಳತರುವಿಕೆಯ ಇನ್ನೊಂದು ಹಾದಿಯ ಬಗ್ಗೆ ಕೆಲಸ ಮಾಡಿದ್ದಾರೆ. ಪೊರೆಯಲ್ಲಿನ ಕೆಲವು ಪ್ರೋಟೀನುಗಳು ಗುಂಪುಗೂಡುವುದರ ಹಿಂದೆ ಕೆಳಗಿನ ಆಕ್ಟಿನ್ ಎಳೆಗಳ ಚಲನೆ ಇದೆ ಎಂದು ಅವರೂ ಭೌತವಿಜ್ಞಾನಿ ಮದನ್ ರಾವ್ ಅವರೂ ತೋರಿಸಿದ್ದಾರೆ. ಪೊರೆ, ಹಂದರ, ಸಾಗಣೆ ಮೂರೂ ಇಲ್ಲಿ ಒಂದೇ ಪ್ರಶ್ನೆಯಾಗಿ ಸೇರುತ್ತವೆ.

ಒಡೆಯುವ ಎರಡು ವ್ಯವಸ್ಥೆಗಳು

ಪ್ರೋಟೀನ್ ಅಣು ಸರಿಯಾಗಿ ಮಡಚಿಕೊಂಡಾಗ ಮಾತ್ರ ಕೆಲಸ ಮಾಡುತ್ತದೆ. ತಪ್ಪಾಗಿ ಮಡಚಿದ್ದು, ಹಳತಾದದ್ದು, ಕೆಲಸ ಮುಗಿದದ್ದು ಉಳಿದುಕೊಂಡರೆ ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತವೆ. ಅವುಗಳನ್ನು ತೆಗೆಯಲು ಕೋಶದಲ್ಲಿ ಎರಡು ಮುಖ್ಯ ವ್ಯವಸ್ಥೆಗಳಿವೆ. ಒಂದು ಬಿಡಿ ಅಣುಗಳಿಗೆ, ಇನ್ನೊಂದು ದೊಡ್ಡ ರಾಶಿಗಳಿಗೂ ಇಡೀ ಕೋಶಾಂಗಗಳಿಗೂ.

ದೊಡ್ಡದರ ಕಥೆ ಮೊದಲು ತಿಳಿಯಿತು. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ ಇಲಿಯ ಯಕೃತ್ತಿನಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಅಳೆದಾಗ ನಿರೀಕ್ಷೆಗಿಂತ ಬಹಳ ಕಡಿಮೆ ಸಿಕ್ಕಿತು. ಅದೇ ಮಾದರಿಯನ್ನು ಶೈತ್ಯಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟು ಮತ್ತೆ ಅಳೆದಾಗ ಹಲವು ಪಟ್ಟು ಹೆಚ್ಚಿತ್ತು. ಕಿಣ್ವ ಪೊರೆಯ ಚೀಲವೊಂದರಲ್ಲಿ ಬಂಧಿಯಾಗಿತ್ತು. ದಿನ ಕಳೆದಂತೆ ಪೊರೆ ಹರಿದು ಹೊರಬಂದಿತ್ತು. 1955ರಲ್ಲಿ ಅವರು ಆ ಚೀಲಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟರು. ಪ್ರೋಟೀನ್, ಕೊಬ್ಬು, ಸಕ್ಕರೆ, ನ್ಯೂಕ್ಲಿಯಿಕ್ ಆಮ್ಲಗಳನ್ನು ಒಡೆಯುವ ಸುಮಾರು 60 ಕಿಣ್ವಗಳು ಅದರಲ್ಲಿವೆ. ಅದರ ಒಳಗನ್ನು ಕೋಶದ್ರವ್ಯಕ್ಕಿಂತ ನೂರು ಪಟ್ಟಿಗೂ ಹೆಚ್ಚು ಆಮ್ಲೀಯವಾಗಿ ಇಡಲು ಪೊರೆಯಲ್ಲಿನ ಪಂಪುಗಳು ಎಟಿಪಿ ಖರ್ಚು ಮಾಡುತ್ತವೆ. ಈ ಕಿಣ್ವಗಳು ಚುರುಕಾಗುವುದು ಆ ಆಮ್ಲೀಯತೆಯಲ್ಲಿ. ಒಂದೆರಡು ಹೊರಗೆ ಸೋರಿದರೂ ಕೋಶವನ್ನು ಜೀರ್ಣಿಸಿಬಿಡಲಾರವು.

ಕೋಶ ತನ್ನದೇ ಭಾಗಗಳನ್ನು ಲೈಸೋಸೋಮಿಗೆ ಒಪ್ಪಿಸುವ ಕ್ರಿಯೆಗೆ ಡಿ ಡ್ಯೂವ್ 1963ರಲ್ಲಿ ಆಟೋಫ್ಯಾಜಿ ಎಂದು ಹೆಸರಿಟ್ಟರು; ಕನ್ನಡದಲ್ಲಿ ಸ್ವಭಕ್ಷಣೆ ಎನ್ನಬಹುದು. ಹೊಸದಾಗಿ ಹುಟ್ಟುವ ಇಮ್ಮಡಿ ಪೊರೆಯೊಂದು ಹಳೆಯ ಮೈಟೊಕಾಂಡ್ರಿಯವನ್ನೋ ಪ್ರೋಟೀನ್ ಗಡ್ಡೆಯನ್ನೋ ಸುತ್ತುವರಿದು ಮುಚ್ಚಿಕೊಳ್ಳುತ್ತದೆ; ಆ ಚೀಲ ಸೂಕ್ಷ್ಮನಾಳದ ಮೇಲೆ ಸಾಗಿ ಲೈಸೋಸೋಮಿನೊಂದಿಗೆ ಬೆಸೆಯುತ್ತದೆ. ಇದರ ಜೀನುಗಳು ಬಹುಕಾಲ ಗೊತ್ತಿರಲಿಲ್ಲ. ಜಪಾನಿನ ಯೋಶಿನೋರಿ ಓಸುಮಿ ಒಡೆಯುವ ಕಿಣ್ವಗಳಿಲ್ಲದ ಯೀಸ್ಟ್ ಕೋಶಗಳನ್ನು ಆಹಾರವಿಲ್ಲದೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಲವೇ ಗಂಟೆಗಳಲ್ಲಿ ಅವುಗಳ ಜೀರ್ಣಕೋಶದಂಥ ಕುಹರದಲ್ಲಿ ಒಡೆಯದೆ ಉಳಿದ ಚೀಲಗಳು ತುಂಬಿಕೊಂಡವು. 1992ರಲ್ಲಿ ಪ್ರಕಟವಾದ ಈ ನೋಟದ ಬೆನ್ನಿಗೇ, 1993ರಲ್ಲಿ ಆಟೋಫ್ಯಾಜಿ ನಡೆಯದ ತಳಿಗಳನ್ನು ಆರಿಸಿ 15 ಜೀನುಗಳನ್ನು ಗುರುತಿಸಿದರು. ಮನುಷ್ಯರಲ್ಲೂ ಇವುಗಳ ಬಂಧುಗಳಿವೆ. 2016ರ ನೊಬೆಲ್ ಓಸುಮಿ ಒಬ್ಬರಿಗೇ ಸಂದಿತು.

ಎರಡನೆಯ ವ್ಯವಸ್ಥೆಗೆ ದಾರಿ ತೋರಿಸಿದ್ದು ಒಂದು ಒಗಟು. ಪ್ರೋಟೀನನ್ನು ಒಡೆದರೆ ಶಕ್ತಿ ಬಿಡುಗಡೆಯಾಗಬೇಕು. ಆದರೆ ಕೋಶ ತನ್ನ ಪ್ರೋಟೀನನ್ನು ಒಡೆಯಲು ಎಟಿಪಿ ಖರ್ಚು ಮಾಡುತ್ತಿತ್ತು. ಲೈಸೋಸೋಮ್ ಇಲ್ಲದ ಎಳೆಯ ಕೆಂಪು ರಕ್ತಕಣಗಳಲ್ಲೂ ಇದು ನಡೆಯುತ್ತಿತ್ತು. ಇಸ್ರೇಲಿನ ಅವ್ರಾಮ್ ಹರ್ಷ್‌ಕೊ, ಆರನ್ ಚಿಚನೋವರ್ ಮತ್ತು ಅಮೆರಿಕದ ಅರ್ವಿನ್ ರೋಸ್ ಇದರ ಉತ್ತರ ಕಂಡರು. ಒಡೆಯಬೇಕಾದ ಪ್ರೋಟೀನಿಗೆ 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಎಂಬ ಗುರುತನ್ನು ಸರಪಳಿಯಾಗಿ ಅಂಟಿಸಲಾಗುತ್ತದೆ. ಆ ಗುರುತಿದ್ದದ್ದನ್ನು ಮಾತ್ರ ಪ್ರೋಟಿಯಸೋಮ್ ಎಂಬ ಕೊಳವೆಯಾಕಾರದ ಯಂತ್ರ ಬಿಚ್ಚಿ, ಒಳಗೆಳೆದು, ತುಂಡರಿಸುತ್ತದೆ. ಯಾವುದನ್ನು ಒಡೆಯಬೇಕು, ಯಾವುದನ್ನು ಉಳಿಸಬೇಕು ಎಂಬ ಆಯ್ಕೆಗೆ ಕೋಶ ತೆರುವ ಬೆಲೆಯೇ ಆ ಎಟಿಪಿ. ಮೂವರೂ 2004ರ ನೊಬೆಲ್ ಪಡೆದರು. ತುಂಡಾದ ಪ್ರೋಟೀನಿನ ಅಮೈನೋ ಆಮ್ಲಗಳೂ, ಗುರುತಾಗಿ ಅಂಟಿದ್ದ ಯುಬಿಕ್ವಿಟಿನ್ ಕೂಡ ಮತ್ತೆ ಬಳಕೆಗೆ ಬರುತ್ತವೆ.

ಒಡೆಯುವಿಕೆ ತಪ್ಪಿದಾಗ

ಲೈಸೋಸೋಮಿನ ಒಂದೇ ಕಿಣ್ವ ಇಲ್ಲದಿದ್ದರೂ ಅದು ಒಡೆಯಬೇಕಾದ ವಸ್ತು ಕೋಶದಲ್ಲಿ ರಾಶಿ ಬೀಳುತ್ತದೆ. ಟೇ-ಸ್ಯಾಕ್ಸ್ ರೋಗದಲ್ಲಿ ನರಕೋಶಗಳು ಕೊಬ್ಬಿನಿಂದ ಉಬ್ಬಿ, ಶೈಶವದಲ್ಲೇ ಮಗು ಕಲಿತದ್ದನ್ನು ಕಳೆದುಕೊಳ್ಳುತ್ತದೆ. ಗೋಶೆ ರೋಗದಲ್ಲಿ ಯಕೃತ್ತು ಮತ್ತು ಗುಲ್ಮ ಊದಿಕೊಳ್ಳುತ್ತವೆ. ಗೋಶೆ ರೋಗಿಗಳಿಗೆ ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಡುವ ಚಿಕಿತ್ಸೆ 1991ರಿಂದ ಇದೆ. ರಕ್ತಕ್ಕೆ ಸೇರಿಸಿದ ಕಿಣ್ವವನ್ನು ಕೋಶಗಳು ಒಳತರುವ ಚೀಲಗಳಲ್ಲಿ ಹಿಡಿದು ಲೈಸೋಸೋಮಿಗೆ ತಲುಪಿಸುತ್ತವೆ, ಎಂದರೆ ಈ ಚಿಕಿತ್ಸೆ ಕೋಶದ ಸ್ವಂತ ಸಾಗಣೆಯನ್ನೇ ನೆಚ್ಚಿಕೊಂಡಿದೆ. ಬಹಳ ದುಬಾರಿಯಾದ ಇಂಥ ಚಿಕಿತ್ಸೆಗಳಿಗೆ ನೆರವು ಕೊಡಲು ಭಾರತ ಸರ್ಕಾರ 2021ರಲ್ಲಿ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ನು ಜಾರಿಗೆ ತಂದಿತು.

ಮುಪ್ಪಿನ ಕಾಯಿಲೆಗಳಲ್ಲೂ ಇದೇ ನೆಲೆ ಕಾಣುತ್ತದೆ. ಹಾನಿಗೊಂಡ ಮೈಟೊಕಾಂಡ್ರಿಯಕ್ಕೆ ಯುಬಿಕ್ವಿಟಿನ್ ಅಂಟಿಸಿ ಆಟೋಫ್ಯಾಜಿಗೆ ಒಪ್ಪಿಸುವ ಪಾರ್ಕಿನ್ ಮತ್ತು ಪಿಂಕ್1 ಪ್ರೋಟೀನುಗಳಲ್ಲಿ ದೋಷವಿದ್ದರೆ ಎಳೆಯ ವಯಸ್ಸಿನಲ್ಲೇ ಪಾರ್ಕಿನ್ಸನ್ ರೋಗ ಬರಬಹುದು. ಗೋಶೆ ರೋಗದ ಜೀನಿನ ಒಂದು ಪ್ರತಿ ಮಾತ್ರ ದೋಷವುಳ್ಳವರಿಗೂ ಪಾರ್ಕಿನ್ಸನ್ ಅಪಾಯ ಹೆಚ್ಚು. ವಿಭಜಿಸುವ ಕೋಶ ತನ್ನ ಕಸವನ್ನು ಎರಡು ಮರಿಕೋಶಗಳಿಗೆ ಹಂಚಿ ತೆಳುವಾಗಿಸಬಲ್ಲದು. ನರಕೋಶಕ್ಕೆ ಆ ದಾರಿಯಿಲ್ಲ. ಅದರ ತುದಿಯಲ್ಲಿ ಹುಟ್ಟಿದ ಕಸ ಒಡಲಿನತ್ತ ಉದ್ದಕ್ಕೂ ಪಯಣಿಸಬೇಕು. ಸಾಗಣೆ ಕುಂಟಿದರೆ ಒಡೆಯುವಿಕೆಯೂ ನಿಲ್ಲುತ್ತದೆ.

ಹಾಗೆಂದು ಒಡೆಯುವಿಕೆ ಹೆಚ್ಚಿದಷ್ಟೂ ಒಳ್ಳೆಯದು ಎನ್ನುವಂತಿಲ್ಲ. ಆಹಾರ ಸಿಗದ ಗಡ್ಡೆಯೊಳಗಿನ ಕ್ಯಾನ್ಸರ್ ಕೋಶಗಳು ಬದುಕಿ ಉಳಿಯಲು ಆಟೋಫ್ಯಾಜಿಯನ್ನೇ ಬಳಸಿಕೊಳ್ಳುತ್ತವೆ. ಮಲ್ಟಿಪಲ್ ಮೈಲೋಮ ಎಂಬ ಕ್ಯಾನ್ಸರಿಗೆ 2003ರಲ್ಲಿ ಬಳಕೆಗೆ ಬಂದ ಬೋರ್ಟೆಜೋಮಿಬ್ ಔಷಧ ಪ್ರೋಟಿಯಸೋಮನ್ನು ತಡೆದು ಆ ಕೋಶಗಳನ್ನು ಅವುಗಳದೇ ಕಸದಲ್ಲಿ ಮುಳುಗಿಸುತ್ತದೆ. ಉಪವಾಸದಿಂದ ಆಟೋಫ್ಯಾಜಿ ಹೆಚ್ಚುವುದು ಯೀಸ್ಟ್ ಮತ್ತು ಇಲಿಗಳಲ್ಲಿ ಸ್ಪಷ್ಟವಾಗಿದೆ. ಇಂತಿಷ್ಟು ಗಂಟೆ ಉಪವಾಸವಿದ್ದರೆ ಮನುಷ್ಯನ ಕೋಶಗಳು ಶುದ್ಧವಾಗುತ್ತವೆ ಎಂಬ ಜನಪ್ರಿಯ ಲೆಕ್ಕಕ್ಕೆ ಅಂಥ ಗಟ್ಟಿ ಆಧಾರವಿಲ್ಲ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತಾಯ ಅವರ ತಂಡ ನರರೋಗಗಳನ್ನು ಗಮನದಲ್ಲಿಟ್ಟು ಆಟೋಫ್ಯಾಜಿಯನ್ನು ಚುರುಕುಗೊಳಿಸುವ ಸಣ್ಣ ಅಣುಗಳನ್ನು ಹುಡುಕುತ್ತಿದೆ. ಇಂಥ ಅಣು ಔಷಧವಾಗಬೇಕಾದರೆ ಗಡ್ಡೆ ಕಟ್ಟಿದ ಪ್ರೋಟೀನನ್ನು ಅದು ಒಡೆಸಿದರೆ ಸಾಲದು. ಆ ಪ್ರೋಟೀನನ್ನು ಹೊತ್ತು ತರುವ ಹಾದಿ ಉಳಿದಿರಬೇಕು, ಲೈಸೋಸೋಮಿನ ಆಮ್ಲೀಯತೆ ಕಾಯ್ದುಕೊಂಡಿರಬೇಕು, ಒಡೆದು ಸಿಕ್ಕ ಸಾಮಗ್ರಿಯಿಂದ ಕೋಶ ತನ್ನನ್ನು ಮತ್ತೆ ಕಟ್ಟಿಕೊಳ್ಳುವಂತಿರಬೇಕು.